ಮೊದಲು ಮಾನಿಟರ್ ಯಾವುದು ಹೇಳಿ

ಅಡಿಕೆಗೆ ಒಳ್ಳೆಯ ದರ ಸಿಕ್ಕಿದ ವರ್ಷ ಅರಂತೋಡು, ತೊಡಿಕಾನ, ಸಂಪಾಜೆ ಕಡೆಯ ಮನೆಗಳಲ್ಲಿ ಮಕ್ಕಳ ಬೇಡಿಕೆಯ ಪಟ್ಟಿಗೆ ಬೈಕಿನ ಪಕ್ಕದಲ್ಲೇ ಗೇಮಿಂಗ್ ಪಿಸಿಯೂ ಸೇರಿಕೊಳ್ಳುತ್ತದೆ. ಬಿಡಿಭಾಗಗಳ ಹೆಸರೆಲ್ಲ ಹುಡುಗರಿಗೆ ಬಾಯಿಪಾಠ. ಕೇಳುವುದು ಮಾತ್ರ ಯಾವಾಗಲೂ ಒಂದೇ: "ಅಣ್ಣಾ, ಆರ್‌ಟಿಎಕ್ಸ್ 4060 ಕಾರ್ಡಿಗೆ ಯಾವ ಪ್ರೊಸೆಸರ್ ಆಗ್ತದೆ?" ನಾನು ತಿರುಗಿ ಕೇಳುವುದೂ ಒಂದೇ: "ಮಾನಿಟರ್ ಯಾವುದು ಮಾರಾಯ? ಆಡುವುದು ಯಾವ ಆಟ?" ಕೆಲವರಿಗೆ ಇದು ಜಾರಿಕೊಳ್ಳುವ ಉತ್ತರದಂತೆ ಕಾಣುತ್ತದೆ. ಆದರೆ ಇವೆರಡು ಗೊತ್ತಿಲ್ಲದೆ ಜೋಡಿ ಹೇಳುವುದು ಜಾತಕ ನೋಡದೆ ಮುಹೂರ್ತ ಇಟ್ಟಂತೆ.

ಆಟದ ಪ್ರತಿಯೊಂದು ಫ್ರೇಮ್ ಎರಡು ಕೈ ದಾಟಿ ಪರದೆಗೆ ಬರುತ್ತದೆ. ನೀವು ಒತ್ತಿದ ಕೀ ಯಾವುದು, ಶತ್ರು ಎಲ್ಲಿ ಅಡಗಿದ್ದಾನೆ, ಹಾರಿದ ಗುಂಡು ಯಾವ ಗೋಡೆಗೆ ತಾಗಿತು, ಈ ಕ್ಷಣ ಏನೇನನ್ನು ಬಿಡಿಸಬೇಕು ಎಂಬ ಲೆಕ್ಕವೆಲ್ಲ ಪ್ರೊಸೆಸರಿನದು. ಆ ಪಟ್ಟಿ ಕೈಗೆ ಬಂದ ಮೇಲೆ ಬಣ್ಣ, ನೆರಳು, ಬೆಳಕು ತುಂಬಿ ಚಿತ್ರ ಮಾಡುವುದು ಗ್ರಾಫಿಕ್ಸ್ ಕಾರ್ಡ್. ತೋಟದಲ್ಲಿ ಒಬ್ಬ ಮರ ಹತ್ತಿ ಗೊನೆ ಕಡಿದು ಹಾಕುತ್ತಾನೆ, ಕೆಳಗೆ ನಾಲ್ಕು ಜನ ಹೆಕ್ಕುತ್ತಾರೆ. ಮೇಲಿನವನ ಕೈ ನಿಧಾನವಾದರೆ ಹೆಕ್ಕುವವರನ್ನು ಎಂಟು ಮಾಡಿದರೂ ಸಂಜೆ ಅಂಗಳಕ್ಕೆ ಬರುವ ಅಡಿಕೆ ಅಷ್ಟೇ. ಹುಡುಗರು ಬಾಟಲ್‌ನೆಕ್ ಎನ್ನುವುದು ಇದನ್ನೇ.

ಸೆಕೆಂಡಿಗೆ 60 ಫ್ರೇಮ್ (60 ಎಫ್‌ಪಿಎಸ್) ಬೇಕಾದರೆ ಒಂದೊಂದಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. 144 ಬೇಕೆಂದರೆ 7ಕ್ಕಿಂತಲೂ ಕಡಿಮೆ. ಇನ್ನು ಪರದೆಯ ಮಾತು. 1080ಪಿ ಪರದೆಯಲ್ಲಿ ಇರುವುದು ಸುಮಾರು 20.7 ಲಕ್ಷ ಚುಕ್ಕೆ. 4ಕೆ ಪರದೆಯಲ್ಲಿ ಅದರ ನಾಲ್ಕು ಪಟ್ಟು, 83 ಲಕ್ಷ. ಚುಕ್ಕೆ ಹೆಚ್ಚಿದಷ್ಟೂ ಕಾರ್ಡಿನ ದುಡಿಮೆ ಹೆಚ್ಚುತ್ತದೆ. ಪ್ರೊಸೆಸರಿಗೋ ಪರದೆ ದೊಡ್ಡದೋ ಚಿಕ್ಕದೋ ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ. ಶತ್ರುವಿನ ಲೆಕ್ಕ ಎರಡರಲ್ಲೂ ಒಂದೇ ತಾನೆ? ಹಾಗಾಗಿ 4ಕೆಯಲ್ಲಿ ಸಾಧಾರಣ ಪ್ರೊಸೆಸರ್ ಕೂಡ ದೊಡ್ಡ ಕಾರ್ಡಿನ ಪಕ್ಕ ಮರ್ಯಾದೆಯಿಂದ ನಿಲ್ಲುತ್ತದೆ, ಅದೇ ಜೋಡಿ 1080ಪಿಯಲ್ಲಿ ಮುಗ್ಗರಿಸುತ್ತದೆ. ಡಿಎಲ್‌ಎಸ್‌ಎಸ್ ಬಂದ ಮೇಲೆ ಇದಕ್ಕೆ ಇನ್ನೊಂದು ತಿರುವು ಸೇರಿದೆ. ಕಡಿಮೆ ಚುಕ್ಕೆಯಲ್ಲಿ ಬಿಡಿಸಿದ ಚಿತ್ರವನ್ನು ಪರದೆಯ ಅಳತೆಗೆ ಹಿಗ್ಗಿಸುವ ತಂತ್ರ ಅದು. 4ಕೆ ಪರದೆಯಲ್ಲಿ 'ಕ್ವಾಲಿಟಿ' ಆಯ್ಕೆ ಇಟ್ಟರೆ ಕಾರ್ಡ್ ಒಳಗೊಳಗೆ ಬಿಡಿಸುವುದು 2560x1440 ಮಾತ್ರ. ಕಾರ್ಡಿನ ಭಾರ ಇಳಿಯಿತು, ಫ್ರೇಮ್ ಏರಿತು, ಪ್ರೊಸೆಸರಿನ ಹಳೆಯ ಹುಳುಕು ಹೊರಬಿತ್ತು.

ಆಟದಿಂದ ಆಟಕ್ಕೂ ಕತೆ ಬೇರೆ. ವ್ಯಾಲರೆಂಟ್‌ನ ಚಿತ್ರ ಸರಳ, ಸಾಮಾನ್ಯ ಕಾರ್ಡಿಗೂ ಅದು ನೀರು ಕುಡಿದಂತೆ. ಅಲ್ಲಿ ಫ್ರೇಮ್ ಎಷ್ಟು ಏರೀತೆಂದು ನಿರ್ಧರಿಸುವುದು ಪ್ರೊಸೆಸರ್. ಕೌಂಟರ್ ಸ್ಟ್ರೈಕ್ 2 ಕೂಡ ಅದೇ ಗುಣದ್ದು. 2024ರ ಬ್ಲಾಕ್ ಮಿತ್: ವುಕಾಂಗ್ ಕಾರ್ಡನ್ನು ಹಿಂಡಿ ಹಾಕುತ್ತದೆ, ಪ್ರೊಸೆಸರ್ ಆರಾಮವಾಗಿರುತ್ತದೆ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ವಿಚಿತ್ರದ್ದು. ಮುಗಿಲ ಮೇಲೆ ಎಲ್ಲವೂ ಚೆನ್ನ. ಬಜ್ಪೆಯ ರನ್‌ವೇಗೆ ಇಳಿಸಲು ಹೊರಟು ಕೆಳಗೆ ಮನೆ, ಮರ, ರಸ್ತೆ ತುಂಬಿಕೊಂಡಾಗ ಪ್ರೊಸೆಸರಿನ ಒಂದೇ ಒಂದು ಕೋರ್ ಏದುಸಿರು ಬಿಡುತ್ತದೆ. ಉಳಿದವು ಕೈಕಟ್ಟಿ ಕೂತಿರುತ್ತವೆ. ಟಾಸ್ಕ್ ಮ್ಯಾನೇಜರ್ ತೆರೆದು "ಪ್ರೊಸೆಸರ್ ಬಳಕೆ ಬರೀ 30 ಶೇಕಡ, ಅದರದ್ದೇನೂ ತಪ್ಪಿಲ್ಲ" ಎನ್ನುವವರು ಬೀಳುವುದು ಈ ಗುಂಡಿಗೆ.

ನಮ್ಮ ಕಡೆ ಹೆಚ್ಚು ಕಾಣಸಿಗುವ ಜೋಡಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು. ಬೆಂಗಳೂರಿನ ಕಂಪನಿಗಳು ಬದಲಾಯಿಸಿ ಹೊರಗೆ ಹಾಕಿದ ಆಫೀಸ್ ಕಂಪ್ಯೂಟರ್ ಕಡಿಮೆ ಬೆಲೆಗೆ ಸಿಗುತ್ತದೆ. ಒಳಗೆ ಕೋರ್ ಐ5-6500, 2015ರದ್ದು, ನಾಲ್ಕು ಕೋರ್, ನಾಲ್ಕೇ ಥ್ರೆಡ್. ಅದಕ್ಕೊಂದು ಜಿಟಿಎಕ್ಸ್ 1650 ಸಿಕ್ಕಿಸುತ್ತಾರೆ. ಇದನ್ನು ನಾನು ಬಡವರ ಜೋಡಿ ಎಂದು ಮೂಗು ಮುರಿಯುವುದಿಲ್ಲ. 75 ವ್ಯಾಟಿನ ಕಾರ್ಡ್, ಅನೇಕ ಮಾದರಿಗಳಿಗೆ ಬೇರೆ ಪವರ್ ತಂತಿಯೇ ಬೇಡ, ಆಫೀಸ್ ಪೆಟ್ಟಿಗೆಯ ಚಿಕ್ಕ ಎಸ್‌ಎಂಪಿಎಸ್ ಅದನ್ನು ತಾಳಿಕೊಳ್ಳುತ್ತದೆ. ಜಿಟಿಎ 5ರಂಥ ಆಟಕ್ಕೆ ಧಾರಾಳ ಸಾಕು. ಎಡವುವುದು ಹೊಸ ಆಟಗಳಲ್ಲಿ. 2020ರ ಕೊನೆಗೆ ಬಂದ ಪ್ಲೇಸ್ಟೇಷನ್ 5ರಲ್ಲಿ ಎಂಟು ಕೋರ್, ಹದಿನಾರು ಥ್ರೆಡ್ ಇವೆ. ಅದನ್ನು ಮನಸ್ಸಿನಲ್ಲಿಟ್ಟು ಬರೆದ ಆಟಗಳನ್ನು ನಾಲ್ಕು ಥ್ರೆಡ್ಡಿನ ಮೇಲೆ ಹೇರಿದರೆ ಸರಾಸರಿ ಎಫ್‌ಪಿಎಸ್ 50 ತೋರಿಸಿದರೂ ನಡುನಡುವೆ ಚಿತ್ರ ಗಕ್ಕನೆ ನಿಲ್ಲುತ್ತದೆ. ನನ್ನ ಕಣ್ಣಿಗೆ ಏರಿಳಿಯುವ 90ಕ್ಕಿಂತ ಅಲುಗಾಡದ 50 ಮೇಲು. ಹಾಗಾಗಿ ಸರಾಸರಿಗಿಂತ, ಅತಿ ನಿಧಾನವಾದ ಶೇಕಡ ಒಂದರಷ್ಟು ಫ್ರೇಮ್‌ಗಳ ಗತಿ ಹೇಳುವ '1 ಪರ್ಸೆಂಟ್ ಲೋ' ಎಂಬ ಅಂಕಿಯನ್ನೇ ನಾನು ಮೊದಲು ನೋಡುವುದು.

ಇಂಥ ಪೆಟ್ಟಿಗೆಗೆ ಕಾರ್ಡ್ ಬದಲಿಸುವ ಮೊದಲು ರ‍್ಯಾಮ್ ನೋಡಿ. ಹೆಚ್ಚಿನವುಗಳಲ್ಲಿ ಒಂದೇ ಕಡ್ಡಿ ಇರುತ್ತದೆ. ಇನ್ನೊಂದನ್ನು ಸೇರಿಸಿ ಡ್ಯುಯಲ್ ಚಾನೆಲ್ ಮಾಡಿದರೆ ಪ್ರೊಸೆಸರಿಗೆ ಎರಡನೇ ಬಾಗಿಲು ತೆರೆದುಕೊಳ್ಳುತ್ತದೆ, ಆ ಗಕ್ಕನೆ ನಿಲ್ಲುವುದೂ ಎಷ್ಟೋ ಕಡಿಮೆಯಾಗುತ್ತದೆ. ಇದಕ್ಕಿಂತ ಅಗ್ಗದ ಮದ್ದು ಇನ್ನೊಂದಿಲ್ಲ. ಮಾಡಬಾರದ್ದೂ ಒಂದಿದೆ: 'ಹೊಸ ಕಾರ್ಡ್ ಅಲ್ವಾ' ಎಂದು ಆರ್‌ಎಕ್ಸ್ 6500 ಎಕ್ಸ್‌ಟಿ ತಂದು ಹಾಕುವುದು. 2022ರ ಜನವರಿಯಲ್ಲಿ ಬಂದ ಆ ಕಾರ್ಡ್ ಮದರ್‌ಬೋರ್ಡ್ ಜೊತೆ ಮಾತಾಡುವುದು ನಾಲ್ಕೇ ಪಿಸಿಐಇ ಲೇನ್‌ಗಳಲ್ಲಿ. ಪಿಸಿಐಇಯ ನಾಲ್ಕನೇ ತಲೆಮಾರಿನ ಬೋರ್ಡಿನಲ್ಲಿ ನಡೆಯುತ್ತದೆ. ಐ5-6500ನ ಬೋರ್ಡ್ ಮೂರನೇ ತಲೆಮಾರಿನದು, ದಾರಿಯ ಅಗಲ ಅರ್ಧಕ್ಕೆ ಇಳಿಯುತ್ತದೆ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಎಲ್ಲ ಸರಕೂ ಆ ಇಕ್ಕಟ್ಟಿನಲ್ಲೇ ಓಡಾಡಬೇಕು. ಪೆಟ್ಟಿಗೆಯ ಮೇಲಿನ ಹೊಳೆಯುವ ಅಂಕಿ ಇದನ್ನು ಹೇಳುವುದಿಲ್ಲ.

ಇದಕ್ಕಿಂತ ದೊಡ್ಡ ಪಾಠ ಇಂಟೆಲ್‌ನ ಆರ್ಕ್ ಬಿ580ದ್ದು. 2024ರ ಡಿಸೆಂಬರಿನಲ್ಲಿ 249 ಡಾಲರಿಗೆ, 12 ಜಿಬಿ ಮೆಮೊರಿಯೊಂದಿಗೆ ಬಂದಾಗ ವಿಮರ್ಶಕರು ಹೊಗಳಿದ್ದೇ ಹೊಗಳಿದ್ದು. ಅವರ ಮೇಜಿನ ಮೇಲೆ ಇದ್ದದ್ದು ಅತ್ಯುತ್ತಮ ಪ್ರೊಸೆಸರ್. ಮುಂದಿನ ಜನವರಿಯಲ್ಲಿ ಕೆಲವರು ಅದೇ ಕಾರ್ಡನ್ನು ರೈಜನ್ 5 2600ರಂಥ ಹಳೆಯದರ ಜೊತೆ ಓಡಿಸಿ ನೋಡಿದರು. ಹಲವು ಆಟಗಳಲ್ಲಿ ಫ್ರೇಮ್ ಧೊಪ್ಪನೆ ಬಿತ್ತು, ಪ್ರತಿಸ್ಪರ್ಧಿ ಆರ್‌ಟಿಎಕ್ಸ್ 4060 ಅಷ್ಟು ಕುಸಿಯಲಿಲ್ಲ. ಕಾರಣ ಡ್ರೈವರ್. ಕಾರ್ಡಿಗೆ ಕೆಲಸ ಒಪ್ಪಿಸುವ ಆ ತಂತ್ರಾಂಶವೇ ಪ್ರೊಸೆಸರಿನ ಸಮಯ ತಿನ್ನುತ್ತಿತ್ತು. ಅಗ್ಗದ ಕಾರ್ಡ್ ಕೊಳ್ಳುವವನ ಬಳಿ ಹಳೆಯ ಪ್ರೊಸೆಸರ್ ಇರುವುದೇ ಹೆಚ್ಚು ಎಂಬುದನ್ನು ನೆನೆದರೆ ಇದು ಕ್ರೂರ ತಮಾಷೆ.

ಪ್ರೊಸೆಸರ್ ಕೊಳ್ಳುವವರು ಗಿಗಾಹರ್ಟ್ಸ್ ಮೋಹ ಬಿಡಬೇಕು. ಎಎಂಡಿಯ ರೈಜನ್ 7 5800ಎಕ್ಸ್ ಮತ್ತು 2022ರ ಏಪ್ರಿಲಿನ 5800ಎಕ್ಸ್3ಡಿ ಎರಡಕ್ಕೂ ಎಂಟೇ ಕೋರ್. ಎರಡನೆಯದರ ವೇಗ ತುಸು ಕಡಿಮೆಯೇ. ಆದರೆ ಮೊದಲಿನದರಲ್ಲಿ 32 ಎಂಬಿ ಇದ್ದ ಎಲ್3 ಕ್ಯಾಶ್ ಎರಡನೆಯದರಲ್ಲಿ 96 ಎಂಬಿ ಆಯಿತು. ಬೇಕಾದ ಮಾಹಿತಿ ಪಕ್ಕದಲ್ಲೇ ಸಿಕ್ಕಿ, ರ‍್ಯಾಮ್‌ಗೆ ಓಡಿಹೋಗುವುದು ತಪ್ಪಿ, ಆಟಗಳಲ್ಲಿ ಅದು ಅಣ್ಣನನ್ನು ಹಿಂದೆ ಹಾಕಿತು.    

ಪ್ರೊಸೆಸರ್, ಕಾರ್ಡ್ ಹೆಸರು ಹಾಕಿದರೆ 'ನಿಮ್ಮ ಬಾಟಲ್‌ನೆಕ್ 14.3 ಶೇಕಡ' ಎಂದು ಹೇಳುವ ಲೆಕ್ಕಯಂತ್ರಗಳು ಇಂಟರ್‌ನೆಟ್ಟಿನಲ್ಲಿವೆ. ಯಾವ ಆಟದಲ್ಲಿ, ಯಾವ ದೃಶ್ಯದಲ್ಲಿ ಎಂದು ನೋಡದೆ ಹೇಳುವ ಆ ದಶಾಂಶಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಮನೆಯಲ್ಲೇ ನೋಡಬಹುದು. ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿಕೊಂಡು ಆಟದೊಳಗೆ ಕಾರ್ಡಿನ ಬಳಕೆ ಗಮನಿಸಿ. 97-98 ತೋರಿಸಿದರೆ ಕಾರ್ಡ್ ಪೂರ್ತಿ ದುಡಿಯುತ್ತಿದೆ. 60-70ರಲ್ಲೇ ತೂಕಡಿಸುತ್ತಿದ್ದರೆ ಫ್ರೇಮ್ ಮಿತಿ ಇದ್ದರೆ ತೆಗೆದು, ಆಟದ ರೆಸಲ್ಯೂಶನ್ ಇಳಿಸಿ ನೋಡಿ. ಎಫ್‌ಪಿಎಸ್ ಏರದೆ ಅಲ್ಲೇ ಕೂತರೆ ತಡೆಯುತ್ತಿರುವುದು ಪ್ರೊಸೆಸರ್. ಆಗ ನೆರಳಿನ ಗುಣಮಟ್ಟ ಇಳಿಸಿ ಪ್ರಯೋಜನ ಕಡಿಮೆ, ಜನಸಂದಣಿ ಮತ್ತು ದೂರದ ದೃಶ್ಯದ ಆಯ್ಕೆಗಳನ್ನು ಇಳಿಸಬೇಕು. ಇದಕ್ಕೂ ಮೊದಲು ಒಂದು ಖಾತ್ರಿ ಮಾಡಿಕೊಳ್ಳಿ: ಶತ್ರು ಇದ್ದಲ್ಲಿಂದ ಮಾಯವಾಗಿ ಇನ್ನೆಲ್ಲೋ ಪ್ರತ್ಯಕ್ಷನಾದರೆ ಅದು ಪಿಂಗ್, ಅಂದರೆ ಇಂಟರ್‌ನೆಟ್ಟಿನ ತೊಂದರೆ. ಅದಕ್ಕೆ ಕಾರ್ಡ್ ಕೊಂಡರೆ ದುಡ್ಡು ಹೊಳೆಗೆ.

ಅರಂತೋಡಿನಲ್ಲಿ ಜೋಡಿಗೆ ಮೂರನೆಯವನೊಬ್ಬ ಇದ್ದಾನೆ, ಕರೆಂಟು. ಬೇಸಿಗೆಯಲ್ಲಿ ತೋಟದ ಪಂಪುಗಳೆಲ್ಲ ಒಟ್ಟಿಗೆ ಚಾಲೂ ಆದಾಗ ವೋಲ್ಟೇಜ್ ಕುಗ್ಗುತ್ತದೆ. ಮನೆಯ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಗೇಮಿಂಗ್ ಪಿಸಿಯ ಒಳ್ಳೆಯ ಎಸ್‌ಎಂಪಿಎಸ್ ಒಗ್ಗುವುದಿಲ್ಲ, ಕರೆಂಟು ಹೋದ ಗಳಿಗೆಗೆ ರೀಸ್ಟಾರ್ಟ್ ಆಗುವುದೂ ಉಂಟು. ಸೈನ್ ವೇವ್ ಬೇಕು. 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. 115 ವ್ಯಾಟಿನ ಆರ್‌ಟಿಎಕ್ಸ್ 4060 ಆ ಮಿತಿಯೊಳಗೆ ಬಾಳುತ್ತದೆ, 575 ವ್ಯಾಟಿನ 5090ರ ಮಾತೇ ಬೇಡ. 1080ಪಿ, 60 ಹರ್ಟ್ಸ್ ಮಾನಿಟರ್ ಇರುವ ಮನೆಗೆ ಕೋರ್ ಐ5-12400ಎಫ್ ಜೊತೆ 4060 ಸಾಕು ಎಂದು ನಾನು ಹೇಳುವುದರ ಹಿಂದೆ ಈ ಲೆಕ್ಕವೂ ಇದೆ. ಆಟದಲ್ಲಿ 60ಕ್ಕೆ ಮಿತಿ ಹಾಕಿಬಿಡಿ. ಪರದೆ ತೋರಿಸಲಾಗದ ಫ್ರೇಮ್ ಬಿಡಿಸಿ ಕೋಣೆ ಬಿಸಿ ಮಾಡುವುದು ಯಾಕೆ?

ಉಳಿದ ದುಡ್ಡಿನಲ್ಲಿ ಒಳ್ಳೆಯ ಅರ್ಥಿಂಗ್ ಮಾಡಿಸಿ. ಏಪ್ರಿಲ್-ಮೇ ಸಂಜೆಗಳಲ್ಲಿ, ತುಲಾ ಮಾಸದ ಮಳೆಯಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ತೆಗೆಯುವುದು ಇಲ್ಲಿ ಎಲ್ಲರಿಗೂ ಅಭ್ಯಾಸ. ಲ್ಯಾನ್ ತಂತಿಯನ್ನೂ ಕೀಳಿ. ಫೈಬರಿನ ಗಾಜಿನೆಳೆಯಲ್ಲಿ ಸಿಡಿಲು ಹರಿಯದು ನಿಜ. ಆದರೆ ರೂಟರಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಉಳಿದಿರುತ್ತದೆ, ಅಲ್ಲಿಂದ ಮದರ್‌ಬೋರ್ಡಿಗೆ ತಾಮ್ರದ ದಾರಿ ನೇರವಾಗಿದೆ.