ವಿಳಾಸವಿರುವ ಹಾಡು

ಸಾಮಾಜಿಕ ಕಾಳಜಿಯ ರಾಕ್ ಹಾಡು ಎಂದ ಕೂಡಲೇ ಮೂಗು ಮುರಿಯುವ ರಸಿಕರಿದ್ದಾರೆ. ಅವರ ಬೇಸರಕ್ಕೆ ಕಾರಣವಿದೆ. ಎಂಬತ್ತರ ದಶಕದಲ್ಲಿ ಇಡೀ ಮನುಕುಲದ ಸಂಕಟವನ್ನೇ ಒಂದು ಪಲ್ಲವಿಗೆ ತುಂಬುವ ಹಾಡುಗಳು ಸಾಲುಗಟ್ಟಿ ಬಂದವು. ಯು2 ತಂಡವಂತೂ 1991ರ ‘ಅಖ್ತುಂಗ್ ಬೇಬಿ’ ಆಲ್ಬಂ ಹೊತ್ತಿಗೆ ತನ್ನ ಹಳೆಯ ಗಾಂಭೀರ್ಯವನ್ನು ತಾನೇ ಅಣಕಿಸತೊಡಗಿತು. ಆದರೆ ಆ ಹಾಡುಗಳನ್ನು ಸವಕಲು ಮಾಡಿದ್ದು ಅವುಗಳ ಪ್ರಾಮಾಣಿಕತೆ ಎಂದು ನನಗನಿಸುವುದಿಲ್ಲ. ಯಾರ ಪರವಾಗಿ, ಯಾರನ್ನು ಕೇಳುತ್ತಿದ್ದೇವೆ ಎಂಬ ಖಚಿತತೆ ಅವುಗಳಲ್ಲಿ ಇರಲಿಲ್ಲ.

ಆಸ್ಟ್ರೇಲಿಯಾದ ಮಿಡ್‌ನೈಟ್ ಆಯಿಲ್ ತಂಡದ ‘ಬೆಡ್ಸ್ ಆರ್ ಬರ್ನಿಂಗ್’ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಅದು 1987ರ ‘ಡೀಸೆಲ್ ಅಂಡ್ ಡಸ್ಟ್’ ಆಲ್ಬಂನ ಹಾಡು. ಅದರ ಹಿಂದಿನ ವರ್ಷ ತಂಡ ಪಾಪುನ್ಯಾದ ವಾರುಂಪಿ ಬ್ಯಾಂಡ್ ಜೊತೆಗೂಡಿ ಮರುಭೂಮಿಯ ಮೂಲನಿವಾಸಿಗಳ ಊರುಗಳಲ್ಲಿ ಹಾಡುತ್ತಾ ತಿರುಗಿತ್ತು. ಮೊದಲಿಗೆ ಮೂರು ಗಟ್ಟಿ ಏಟು; ಆಮೇಲೆ ಬೇಸ್ ಮತ್ತು ಡ್ರಮ್ ಮೇಲೆ ತಂಡದ ಗಾಯಕ ಪೀಟರ್ ಗ್ಯಾರೆಟ್ ಅರ್ಧ ಮಾತಿನಂತೆ ಹಾಡುತ್ತಾ ಹೋಗುತ್ತಾರೆ. ಚರಣದಲ್ಲಿ ಕಿಂಟೋರ್, ಯುವೆಂಡುಮು ಎಂಬ ಊರುಗಳಿವೆ, 45 ಡಿಗ್ರಿ ಬಿಸಿಲಿದೆ. ಈ ನೆಲ ಪಿಂಟುಪಿ ಎಂಬ ಮೂಲನಿವಾಸಿ ಜನರದ್ದು, ಬಾಡಿಗೆ ಕೊಡಿ ಅಥವಾ ಹಿಂದಿರುಗಿಸಿ ಎಂಬುದು ಬೇಡಿಕೆ. ಬಿಳಿಯರು ಇನ್ನೊಬ್ಬರ ನೋವನ್ನು ಹಾಡಿ ಹೆಸರು ಮಾಡಿದರಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಹಾಡು ಪಿಂಟುಪಿಗಳ ದನಿ ತನ್ನದೆಂದು ಹೇಳಿಕೊಳ್ಳುವುದಿಲ್ಲ. ಬಾಕಿ ಉಳಿಸಿಕೊಂಡವರ ಸಾಲಿನಲ್ಲಿ ನಿಂತು, ತನ್ನವರನ್ನೇ ಕೇಳುತ್ತದೆ. 2000ದ ಸಿಡ್ನಿ ಒಲಿಂಪಿಕ್ಸ್ ಸಮಾರೋಪದಲ್ಲಿ ತಂಡ ‘ಸಾರಿ’ ಎಂದು ಬರೆದ ಕಪ್ಪು ಉಡುಪು ತೊಟ್ಟು ಇದನ್ನೇ ಹಾಡಿತು. ಮೂಲನಿವಾಸಿಗಳ ಕ್ಷಮೆ ಕೇಳಲು ಒಪ್ಪದಿದ್ದ ಪ್ರಧಾನಿ ಜಾನ್ ಹೋವರ್ಡ್ ಕ್ರೀಡಾಂಗಣದಲ್ಲೇ ಇದ್ದರು.

ಸರ್ಕಾರ ಕ್ಷಮೆ ಕೇಳಿದ್ದು 2008ರ ಫೆಬ್ರುವರಿ 13ರಂದು, ಕೆವಿನ್ ರಡ್ ಪ್ರಧಾನಿಯಾದ ಮೇಲೆ. ಅದು ಹಾಡಿನಿಂದಲೇ ಆಯಿತೆಂದರೆ ದಶಕಗಳ ಕಾಲ ಹೋರಾಡಿದ ಮೂಲನಿವಾಸಿಗಳಿಗೆ ಅನ್ಯಾಯ ಮಾಡಿದಂತೆ. ಆ ಹೊತ್ತಿಗೆ ಗ್ಯಾರೆಟ್ ಮಂತ್ರಿಯಾಗಿದ್ದರು. 2009ರಲ್ಲಿ ಅವರೇ ಫೋರ್ ಮೈಲ್ ಯುರೇನಿಯಂ ಗಣಿಗೆ ಒಪ್ಪಿಗೆ ಕೊಟ್ಟಾಗ, ಅಣುವಿರೋಧಿ ಗಾಯಕನ ಬಣ್ಣ ಬಯಲಾಯಿತೆಂದು ಟೀಕಾಕಾರರು ಎದ್ದರು. ನನಗೂ ಆ ಒಪ್ಪಿಗೆ ಸರಿಕಾಣುವುದಿಲ್ಲ. ಆದರೂ ಮಂತ್ರಿಯ ಸಹಿಯಿಂದ ಹಾಡಿನ ಮಾತು ಸುಳ್ಳಾಗದು. ಕಿಂಟೋರ್ ನಕ್ಷೆಯಲ್ಲಿ ಇದ್ದಲ್ಲೇ ಇದೆ. ಹೊಸದಾಗಿ ಕೇಳುವವರಲ್ಲಿ ನನ್ನ ಕೋರಿಕೆ ಇಷ್ಟೇ: ವಾರುಂಪಿ ಬ್ಯಾಂಡ್‌ನ 1985ರ ‘ಬಿಗ್ ನೇಮ್, ನೋ ಬ್ಲ್ಯಾಂಕೆಟ್ಸ್’ ಮೊದಲು ಕೇಳಿ, ‘ಡೀಸೆಲ್ ಅಂಡ್ ಡಸ್ಟ್’ ಆಮೇಲೆ.