ಗಿಟಾರ್ ಹಿಡಿಯದ ಬ್ಲೂಸ್: ಬಾಬಿ ಬ್ಲ್ಯಾಂಡ್ ಮತ್ತು ಸೋಲ್-ಬ್ಲೂಸ್ ಪರಂಪರೆ

ಬ್ಲೂಸ್ ಸಂಗೀತದ ಚರಿತ್ರೆಯನ್ನು ಹೇಳುವವರೆಲ್ಲ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ನಡೆಯುತ್ತಾರೆ. ಮಿಸಿಸಿಪ್ಪಿಯ ಹತ್ತಿಹೊಲದಲ್ಲಿ ಒಬ್ಬಂಟಿ ಗಿಟಾರ್ ವಾದಕನಿಂದ ಕಥೆ ಶುರುವಾಗುತ್ತದೆ. ಅವನು ರೈಲು ಹತ್ತಿ ಷಿಕಾಗೋ ಸೇರುತ್ತಾನೆ, ಗಿಟಾರಿಗೆ ವಿದ್ಯುತ್ ಬರುತ್ತದೆ, 1960ರ ದಶಕದಲ್ಲಿ ಇಂಗ್ಲೆಂಡಿನ ಬಿಳಿಯ ಹುಡುಗರು ಅವನ ಹಾಡುಗಳನ್ನು ಕಲಿತು ಜಗತ್ತಿಗೆ ಹಂಚುತ್ತಾರೆ. ಈ ಕಥೆಯ ನಾಯಕನ ಕೈಯಲ್ಲಿ ಗಿಟಾರ್ ಇರಲೇಬೇಕು. ವೇದಿಕೆಯ ಮೇಲೆ ಮೈಕು ಬಿಟ್ಟರೆ ಬೇರೇನನ್ನೂ ಹಿಡಿಯದ ಬಾಬಿ ‘ಬ್ಲೂ’ ಬ್ಲ್ಯಾಂಡ್‌ಗೆ ಅಲ್ಲಿ ಅಡಿಟಿಪ್ಪಣಿಯ ಜಾಗವಷ್ಟೇ ಸಿಗುವುದು ಆ ಕಾರಣಕ್ಕೆ. ಅಮೆರಿಕದ ಆರ್ ಅಂಡ್ ಬಿ ಪಟ್ಟಿಯ ಮೊದಲ ಹತ್ತರೊಳಗೆ 20ಕ್ಕೂ ಹೆಚ್ಚು ಹಾಡುಗಳನ್ನು ತಂದು, ಅವುಗಳಲ್ಲಿ ಮೂರನ್ನು ಮೊದಲ ಸ್ಥಾನಕ್ಕೇರಿಸಿದ ಗಾಯಕ ಈತ. ಆದರೆ ಬಿಳಿಯರೂ ಕೊಳ್ಳುತ್ತಿದ್ದ ಪಾಪ್ ಪಟ್ಟಿಯಲ್ಲಿ 20ನೇ ಸ್ಥಾನಕ್ಕಿಂತ ಮೇಲೆ ಹೋಗಲೇ ಇಲ್ಲ. ಬ್ಲ್ಯಾಂಡ್ ಕಟ್ಟಿದ ಸೋಲ್-ಬ್ಲೂಸನ್ನು ನೀರು ಬೆರೆಸಿದ ಬ್ಲೂಸ್ ಎಂದು ತಳ್ಳಿಹಾಕುವುದು ವಿಮರ್ಶಕರ ಹಳೆಯ ರೂಢಿ. ನನಗೆ ಕಾಣುವುದು ಬೇರೆ. ಕಂಠವೂ ಹಾರ್ನ್ ವಾದ್ಯಗಳ ತಂಡವೂ ಸೇರಿ ನಡುವಯಸ್ಸಿನವರ ಕಷ್ಟಸುಖವನ್ನು ಹೇಳುವ ಸ್ವತಂತ್ರ ಶೈಲಿ ಅದು. ಅದನ್ನು ಅಳೆಯುವ ಕೋಲನ್ನು ಗಿಟಾರಿನಿಂದ ತರಬಾರದು, ಕಪ್ಪು ಜನರ ಚರ್ಚಿನಿಂದಲೂ ನೃತ್ಯಶಾಲೆಯಿಂದಲೂ ತರಬೇಕು. ಆ ಶೈಲಿ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದು ಆ ಕೋಲಿನಿಂದಲೇ ತಿಳಿಯುತ್ತದೆ.

1930ರಲ್ಲಿ ಟೆನೆಸಿಯ ಹಳ್ಳಿಯೊಂದರಲ್ಲಿ ಹುಟ್ಟಿದ ಬ್ಲ್ಯಾಂಡ್, ಹದಿಹರೆಯದಲ್ಲಿ ತಾಯಿಯೊಂದಿಗೆ ಮೆಂಫಿಸ್‌ಗೆ ಬಂದ. ಮೊದಲು ಹಾಡಿದ್ದು ಚರ್ಚಿನ ಗಾಸ್ಪೆಲ್ ತಂಡದಲ್ಲಿ, ಆಮೇಲೆ ಬೀಲ್ ಸ್ಟ್ರೀಟಿನ ಬ್ಲೂಸ್ ಹುಡುಗರ ಜೊತೆಯಲ್ಲಿ. ಕೆಲಕಾಲ ಬಿ.ಬಿ. ಕಿಂಗ್‌ಗೆ ಕಾರು ಓಡಿಸುತ್ತಿದ್ದ. 1950ರ ದಶಕದ ಆರಂಭದ ಅವನ ಧ್ವನಿಮುದ್ರಣಗಳಲ್ಲಿ ಅವನ ಸ್ವಂತದ್ದು ಎನ್ನಬಹುದಾದದ್ದು ಹೆಚ್ಚೇನಿಲ್ಲ. ಯಾರದೋ ಅಂಗಿಯನ್ನು ತೊಟ್ಟ ಹುಡುಗನಂತೆ ಕೇಳಿಸುತ್ತಾನೆ. ಸೈನ್ಯದ ಸೇವೆ ಮುಗಿಸಿ ಬಂದ ಮೇಲೆ, 1957ರಲ್ಲಿ ‘ಫಾರ್ದರ್ ಅಪ್ ದ ರೋಡ್’ ಮೊದಲ ಸ್ಥಾನಕ್ಕೇರಿತು. ಹಾಡು ಚುರುಕಾಗಿದೆ, ನಿಜ. ಆದರೆ ಅದರಲ್ಲಿ ಕಂಠಕ್ಕೆ ಸರಿಸಮನಾಗಿ ಗಿಟಾರ್ ಮಾತಾಡುತ್ತದೆ. ಟೆಕ್ಸಸ್‌ನ ಇನ್ನೂ ನಾಲ್ಕಾರು ಗಾಯಕರು ಅದನ್ನು ಅಷ್ಟೇ ಚೆನ್ನಾಗಿ ಹಾಡಬಹುದಿತ್ತು. ನಿಜವಾದ ತಿರುವು ಮರುವರ್ಷದ ‘ಲಿಟಲ್ ಬಾಯ್ ಬ್ಲೂ’ದಲ್ಲಿದೆ. ಎಳೆಯ ವಯಸ್ಸಿನಲ್ಲಿ ಅವನಿಗಿದ್ದ ಎತ್ತರದ ಕಳ್ಳದನಿ ಅಷ್ಟರಲ್ಲಿ ಕೈಬಿಟ್ಟಿತ್ತು, ಆ ಜಾಗಕ್ಕೆ ಏನಾದರೊಂದು ಬೇಕಿತ್ತು. ಅದು ಸಿಕ್ಕಿದ್ದು ಡೆಟ್ರಾಯಿಟಿನ ಪಾದ್ರಿ ಸಿ.ಎಲ್. ಫ್ರಾಂಕ್ಲಿನ್‌ರ ಉಪದೇಶದಲ್ಲಿ. ಗಾಯಕಿ ಅರೆಥಾ ಫ್ರಾಂಕ್ಲಿನ್‌ಳ ತಂದೆಯಾದ ಇವರ ಉಪದೇಶಗಳು ರೆಕಾರ್ಡುಗಳಾಗಿ ಮನೆಮನೆ ತಲುಪುತ್ತಿದ್ದವು. ತನ್ನ ಗೂಡನ್ನು ಕದಲಿಸುವ ಹದ್ದನ್ನು ಕುರಿತ ಪ್ರಸಿದ್ಧ ಉಪದೇಶವನ್ನು ಬ್ಲ್ಯಾಂಡ್ ಮತ್ತೆ ಮತ್ತೆ ಕೇಳಿದ. ಆವೇಶ ಏರಿದಾಗ ಪಾದ್ರಿಯ ಗಂಟಲಿನಿಂದ ಹೊರಡುವ ಗರಗರ ಕೂಗನ್ನು ತನ್ನದಾಗಿಸಿಕೊಂಡ. ಅದೇ ಹೊತ್ತಿಗೆ ನ್ಯಾಟ್ ಕಿಂಗ್ ಕೋಲ್, ಪೆರ್ರಿ ಕೋಮೋ, ಟೋನಿ ಬೆನೆಟ್ ಅವರ ಹಾಡುಗಾರಿಕೆಯಿಂದ ನಯವಾಗಿ ಉಸುರುವುದನ್ನು, ಪದದ ಅಂಚನ್ನು ಮೆತ್ತಗೆ ಬಿಡುವುದನ್ನು ಕಲಿತ. ಒಂದು ಕಡೆ ಉಪದೇಶಪೀಠ, ಇನ್ನೊಂದು ಕಡೆ ರೇಡಿಯೋದ ನಯದ ಗಾಯಕರು: ಹೊಂದುವುದೇ ಇಲ್ಲ ಎನಿಸುವ ಈ ಎರಡರ ನಡುವಿನ ಎಳೆದಾಟವೇ ಅವನ ಕಲೆ.

ಈ ಎಳೆದಾಟಕ್ಕೆ ಆಕಾರ ಕೊಟ್ಟವನು ಜೋ ಸ್ಕಾಟ್. ಹ್ಯೂಸ್ಟನ್ನಿನ ಡ್ಯೂಕ್ ರೆಕಾರ್ಡ್ ಕಂಪನಿಯ ಈ ಟ್ರಂಪೆಟ್ ವಾದಕ ಬ್ಲ್ಯಾಂಡ್‌ನ ತಂಡದ ನಾಯಕನೂ ಸಂಯೋಜಕನೂ ಆಗಿದ್ದ. ಬಾಲ್ಯದಲ್ಲೇ ಶಾಲೆ ಬಿಟ್ಟ ಬ್ಲ್ಯಾಂಡ್‌ಗೆ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಹಾಡುಗಳನ್ನು ಕಿವಿಯಿಂದಲೇ, ಸಾಲುಸಾಲಾಗಿ ಕಲಿಯಬೇಕಿತ್ತು. ಅವನ ಸಾಲುಗಳು ಹಾಡಿಗಿಂತ ಮಾತಿನ ಹಾಗೆ ತಡೆದು, ಮುಂದೊತ್ತಿ, ಮತ್ತೆ ನಿಲ್ಲುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಊಹೆ. 1959ರ ‘ಐಲ್ ಟೇಕ್ ಕೇರ್ ಆಫ್ ಯು’ ಕೇಳಿ. ಹಿಂದೆ ಪೆಟ್ಟು ತಿಂದ ಹೆಂಗಸಿಗೆ, ತಾನೂ ಪೆಟ್ಟು ತಿಂದ ಗಂಡಸೊಬ್ಬ ಮಾತು ಕೊಡುತ್ತಿದ್ದಾನೆ. ಬೇರೆ ಯಾರಾದರೂ ಆಗಿದ್ದರೆ ಕೊನೆಯ ಹೊತ್ತಿಗೆ ಗಂಟಲು ಹರಿಯುವಂತೆ ಕೂಗಿ ಪ್ರಾಮಾಣಿಕತೆಯನ್ನು ಸಾಬೀತು ಮಾಡಹೊರಡುತ್ತಿದ್ದರು. ಬ್ಲ್ಯಾಂಡ್ ದನಿ ಏರಿಸುವುದಿಲ್ಲ. ಆ ಸಂಯಮದಲ್ಲಿ ಕೇಳುಗನಿಗೆ ಒಂದು ಅನುಮಾನವೂ ಹುಟ್ಟುತ್ತದೆ: ಇವನು ಆಕೆಗೆ ಧೈರ್ಯ ಹೇಳುತ್ತಿದ್ದಾನೋ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೋ? 1961ರ ‘ಐ ಪಿಟಿ ದ ಫೂಲ್’ ಇದಕ್ಕೆ ತಿರುಗುಮುರುಗು. ಒಬ್ಬ ಹೆಣ್ಣನ್ನು ನಂಬಿ ಕೆಡಲಿರುವ ಯಾವನೋ ಮೂರ್ಖನ ಬಗ್ಗೆ ಅಯ್ಯೋ ಪಾಪ ಎನ್ನುತ್ತ ತಣ್ಣಗೆ ತೊಡಗುವ ಹಾಡು, ಹಾರ್ನ್‌ಗಳು ಮೆಟ್ಟಿಲು ಮೆಟ್ಟಿಲಾಗಿ ಏರಿದಂತೆ ಕಾವೇರುತ್ತದೆ. ಸುತ್ತಲಿನ ಜನ ನೋಡುತ್ತಿದ್ದಾರೆ ಎಂಬಲ್ಲಿಗೆ ಬರುವಾಗ ಆ ಮೂರ್ಖ ಇವನೇ ಎಂದು ನಮಗೆ ಹೊಳೆದಿರುತ್ತದೆ. ಗರಗರ ಕೂಗು ಬರುವುದು ಅಲ್ಲಿ, ಸತ್ಯ ಬಯಲಾಗುವ ಕ್ಷಣದಲ್ಲಿ. ಸ್ಕಾಟ್‌ನ ಹಾರ್ನ್‌ಗಳು ಬರೀ ಹಿಮ್ಮೇಳದ ಕೆಲಸ ಮಾಡುವುದಿಲ್ಲ. ಚರ್ಚಿನಲ್ಲಿ ಪಾದ್ರಿಯ ಪ್ರತಿ ಮಾತಿಗೂ ದನಿಗೂಡಿಸುವ ಸಭೆಯ ಪಾತ್ರ ಅವುಗಳದ್ದು: ಹೌದು ಎನ್ನುತ್ತವೆ, ಕೆಣಕುತ್ತವೆ, ಅವನು ತಡವರಿಸಿದಾಗ ಹಿಂದಿನಿಂದ ನೂಕುತ್ತವೆ.

ಅದೇ ವರ್ಷ ಬಂದ ‘ಟೂ ಸ್ಟೆಪ್ಸ್ ಫ್ರಮ್ ದ ಬ್ಲೂಸ್’ ಈ ಶೈಲಿಯ ಮೂಲಗ್ರಂಥ ಎನ್ನಬಹುದಾದ ಆಲ್ಬಮ್. ಅದರ ಬಹುಪಾಲು ಹಿಂದೆಯೇ ಬಿಡಿಬಿಡಿಯಾಗಿ ಹೊರಬಂದಿದ್ದ ಹಾಡುಗಳ ಸಂಗ್ರಹ. ಹಾಗಿದ್ದೂ ಒಂದೇ ಉಸಿರಿನಲ್ಲಿ ಹಾಡಿದಂತೆ ಕೇಳಿಸುತ್ತದೆ. ಅದರಲ್ಲಿನ ‘ಲೀಡ್ ಮಿ ಆನ್’ ನನ್ನ ಮಟ್ಟಿಗೆ ಈ ಪರಂಪರೆಯ ಶಿಖರ. ಪರಕೀಯ ನೆಲದಲ್ಲಿ ಅನಾಥನಾದವನು ಕೈಹಿಡಿದು ನಡೆಸು ಎಂದು ಬೇಡುತ್ತಾನೆ. ನಲ್ಲೆಯನ್ನು ಕರೆಯುವ ಪದವೊಂದನ್ನು ತೆಗೆದರೆ ಅದು ಚರ್ಚಿನ ಪ್ರಾರ್ಥನೆಯೇ. ಸೋಲ್ ಸಂಗೀತ ಗಾಸ್ಪೆಲ್‌ನಿಂದ ಆವೇಶವನ್ನು ತಂದುಕೊಂಡಿತು ಎಂದು ಎಲ್ಲರೂ ಬರೆಯುತ್ತಾರೆ. ಬ್ಲ್ಯಾಂಡ್ ತಂದದ್ದು ಆವೇಶದ ಜೊತೆಗೆ ದೈನ್ಯವನ್ನೂ.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ. ಇಷ್ಟು ಹಾರ್ನ್, ಅಲ್ಲಲ್ಲಿ ತಂತಿವಾದ್ಯ, ಇಷ್ಟು ನಯ ಇರುವಾಗ ಇದನ್ನು ಬ್ಲೂಸ್ ಎನ್ನುವುದು ಹೇಗೆ? ಒರಟುತನವೇ ಬ್ಲೂಸಿನ ಜೀವ ಎಂಬ ನಂಬಿಕೆ ಈ ಪ್ರಶ್ನೆಯ ಹಿಂದಿದೆ. ಚಾರ್ಲ್ಸ್ ಕೀಲ್ 1966ರ ತನ್ನ ‘ಅರ್ಬನ್ ಬ್ಲೂಸ್’ ಪುಸ್ತಕದಲ್ಲಿ ಈ ನಂಬಿಕೆಗೇ ಕೈಹಾಕಿದ. ವಯಸ್ಸಾದ ಹಳ್ಳಿಗಾಯಕರನ್ನು ಹುಡುಕಿ ಹೊರಟ ಸಂಗ್ರಾಹಕರು, ತಮ್ಮ ಕಣ್ಣೆದುರು ನಗರದ ಕಪ್ಪು ಜನ ಸಾವಿರಾರು ಸಂಖ್ಯೆಯಲ್ಲಿ ಕೇಳುತ್ತಿದ್ದ ಬಿ.ಬಿ. ಕಿಂಗ್, ಬ್ಲ್ಯಾಂಡ್ ಮೊದಲಾದವರನ್ನು ಕಾಣದೆ ಹೋದರು ಎಂಬುದು ಅವನ ತಕರಾರು. ಆ ವಾದಕ್ಕೆ ನಾನೊಂದು ಸಾಕ್ಷಿ ಸೇರಿಸುತ್ತೇನೆ. ಬ್ಲ್ಯಾಂಡ್‌ನ ‘ಟರ್ನ್ ಆನ್ ಯುವರ್ ಲವ್ ಲೈಟ್’ ಮೂರು ನಿಮಿಷವೂ ಇಲ್ಲ. ಮುಂದೆ ಜೇಮ್ಸ್ ಬ್ರೌನ್ ತಂಡಕ್ಕೆ ಹೋದ ಜಾಬೊ ಸ್ಟಾರ್ಕ್ಸ್‌ನ ಡ್ರಮ್ ಮೇಲೆ ಅದು ಚರ್ಚಿನ ಉತ್ಸವದಂತೆ ಹಾರಿ, ಕೇಳುಗ ಇನ್ನಷ್ಟು ಬೇಕೆನ್ನುವಾಗಲೇ ಮುಗಿಯುತ್ತದೆ. ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡ 1969ರ ‘ಲೈವ್/ಡೆಡ್’ನಲ್ಲಿ ಅದನ್ನೇ ಹದಿನೈದು ನಿಮಿಷಕ್ಕೆ ಎಳೆಯಿತು. ಆ ಹಿಗ್ಗಿಗೆ ತನ್ನದೇ ಸೊಗಸಿದೆ. ಆದರೆ ಅವರು ಗಿಟಾರಿಗಾಗಿ ತೆರೆದ ಬಯಲಿನಲ್ಲಿ ಬ್ಲ್ಯಾಂಡ್ ಕಟ್ಟಿದ್ದ ಒತ್ತಡ ಸೋರಿಹೋಯಿತು. ಟಿ-ಬೋನ್ ವಾಕರ್‌ನ ‘ಸ್ಟಾರ್ಮಿ ಮಂಡೆ’ಯನ್ನು ಬ್ಲ್ಯಾಂಡ್ ಹಾಡಿದ ರೀತಿಗೂ ಇದೇ ಗತಿಯಾಯಿತು. ಆಲ್ಮನ್ ಬ್ರದರ್ಸ್ ಅದನ್ನು ರಾಕ್ ಕೇಳುಗರಿಗೆ ಮುಟ್ಟಿಸಿದ ಮೇಲೆ ಗಿಟಾರ್ ಕಲಿಯುವವರೆಲ್ಲ ಬ್ಲ್ಯಾಂಡ್‌ನ ಮುದ್ರಿಕೆಯಲ್ಲಿ ವೇಯ್ನ್ ಬೆನೆಟ್ ನುಡಿಸಿದ ಸ್ವರಗಳನ್ನು ಹುಡುಕಿ ಬಂದರು. ಬೆನೆಟ್ ಅದಕ್ಕೆ ಅರ್ಹನೇ. ಆದರೆ ಅವನು ಅಷ್ಟು ಮೆಲ್ಲಗೆ, ಬೆರಳಂಚಿನಿಂದ ಮುಟ್ಟಿದ್ದು ಮುಂದಿದ್ದ ಕಂಠಕ್ಕೆ ಜಾಗ ಬಿಡಲೆಂದು ಎಂಬುದನ್ನು ಎಷ್ಟು ಜನ ಗಮನಿಸಿದರು?

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ವಾದ್ಯ ನುಡಿಸಲಿಲ್ಲ, ಹಾಡು ಬರೆಯಲಿಲ್ಲ. ಬೇರೆಯವರು ಬರೆದದ್ದನ್ನು, ಬೇರೆಯವರು ಸಂಯೋಜಿಸಿದಂತೆ ಹಾಡಿದವನನ್ನು ಒಂದು ಶೈಲಿಯ ನಿರ್ಮಾಪಕ ಎನ್ನಬಹುದೇ? ಮೊದಲಿಗೆ, ಡ್ಯೂಕ್ ರೆಕಾರ್ಡುಗಳ ಮೇಲೆ ಅಚ್ಚಾದ ಬರಹಗಾರರ ಹೆಸರುಗಳನ್ನೇ ನಂಬುವ ಹಾಗಿಲ್ಲ. ಕಂಪನಿಯ ಮಾಲೀಕ ಡಾನ್ ರೋಬಿ, ಬಡ ಬರಹಗಾರರಿಂದ ಹಾಡುಗಳನ್ನು ಪುಡಿಗಾಸಿಗೆ ಕೊಂಡು ‘ಡೆಡ್ರಿಕ್ ಮಲೋನ್’ ಎಂಬ ಹುಸಿ ಹೆಸರಿನಲ್ಲಿ ದಾಖಲಿಸುತ್ತಿದ್ದ. ಓದಲು ಬಾರದ ಬ್ಲ್ಯಾಂಡ್‌ನಿಂದ ರೆಕಾರ್ಡೊಂದಕ್ಕೆ ಅರ್ಧ ಸೆಂಟ್‌ನಂತೆ ಒಪ್ಪಂದ ಬರೆಸಿಕೊಂಡದ್ದೂ ಅದೇ ಕಂಪನಿ. ಕರ್ತೃತ್ವವೆಂಬುದು ಹೀಗೆ ಲೂಟಿಯ ಲೆಕ್ಕಪುಸ್ತಕವಾಗಿದ್ದ ಕಡೆ, ಬರೆದವನೇ ಕಲಾವಿದ ಎಂಬ ರಾಕ್ ಕಾಲದ ನಿಯಮವನ್ನು ಹೇರುವುದು ಅನ್ಯಾಯ. ಎರಡನೆಯದಾಗಿ, ಇಲ್ಲಿ ಕೃತಿ ಹುಟ್ಟುವುದು ಕಾಗದದ ಮೇಲಲ್ಲ. ಬ್ಲ್ಯಾಂಡ್ ಹಾಡಿದ ‘ಶೇರ್ ಯುವರ್ ಲವ್ ವಿತ್ ಮಿ’ಯನ್ನು ಅರೆಥಾ 1969ರಲ್ಲಿ ಹಾಡಿದಾಗ ಪದಗಳು ಅವೇ, ಹಾಡು ಬೇರೆ. ಆಕೆ ಅಧಿಕಾರದಿಂದ ಕೇಳುತ್ತಾಳೆ, ಬ್ಲ್ಯಾಂಡ್ ನಾಚಿಕೊಂಡು ಕೇಳುತ್ತಾನೆ. ಸ್ಕಾಟ್ ಇಲ್ಲದೆ ಬ್ಲ್ಯಾಂಡ್ ಇಲ್ಲ ಎನ್ನುವವರ ಮಾತನ್ನು ಮಾತ್ರ ಅರ್ಧ ಒಪ್ಪಲೇಬೇಕು. 1968ರ ಸುಮಾರಿಗೆ ಆ ಜೋಡಿ ಮುರಿದ ಮೇಲೆ ಅವನು ಕುಡಿತಕ್ಕೆ ಬಿದ್ದು ತತ್ತರಿಸಿದ. ಆಮೇಲಿನ ಯಾವ ಮುದ್ರಿಕೆಯಲ್ಲೂ ಕಂಠಕ್ಕೂ ಹಾರ್ನ್‌ಗೂ ಅಂಥ ಬಿಸಿಯಾದ ಸಂವಾದ ಮರಳಲಿಲ್ಲ.

ಮರಳದಿದ್ದರೂ ಬೇರೆಯದೊಂದು ಸಿಕ್ಕಿತು. ಡ್ಯೂಕ್ ಕಂಪನಿ ಎಬಿಸಿ ಎಂಬ ಕಂಪನಿಗೆ ಮಾರಾಟವಾದ ಮೇಲೆ ಲಾಸ್ ಏಂಜಲಿಸ್‌ನಲ್ಲಿ ಸ್ಟೀವ್ ಬ್ಯಾರಿ ನಿರ್ಮಿಸಿದ ‘ಡ್ರೀಮರ್’ (1974) ಆಲ್ಬಮಿನಲ್ಲಿ ‘ಏಂಟ್ ನೋ ಲವ್ ಇನ್ ದ ಹಾರ್ಟ್ ಆಫ್ ದ ಸಿಟಿ’ ಇದೆ. ಅಗಲಿಕೆಯ ದುಃಖ ಇಡೀ ನಗರದ ಮೇಲೆ ಕವಿಯುತ್ತದೆ, ಕೂಗು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ವೈಟ್‌ಸ್ನೇಕ್ ಎಂಬ ಬ್ರಿಟಿಷ್ ರಾಕ್ ತಂಡ ಅದನ್ನು ಹಾಡಿತು. 2001ರಲ್ಲಿ ಕಾನ್ಯೆ ವೆಸ್ಟ್ ಅದರ ತುಣುಕನ್ನು ಎತ್ತಿಕೊಂಡು ಹಿಪ್-ಹಾಪ್ ಕಲಾವಿದ ಜೇ-ಜಿಯ ಹಾಡೊಂದಕ್ಕೆ ತಳಪಾಯ ಹಾಕಿದ. ವಿಮರ್ಶಕರು ಪಾಪ್ ಎಂದು ಮೂಗು ಮುರಿದಿದ್ದ ಕಾಲದ ಹಾಡೇ ಕಪ್ಪು ಅಮೆರಿಕದ ಮುಂದಿನ ಪೀಳಿಗೆಗೆ ದಾಟಿದ್ದು ಕಾಕತಾಳೀಯವಲ್ಲ. ಗಿಟಾರನ್ನು ನಂಬಿದ ಬ್ಲೂಸ್ ಬಿಳಿಯ ರಾಕ್‌ಗೆ ಹರಿದರೆ, ಕಂಠವನ್ನು ನಂಬಿದ್ದು ಹಿಪ್-ಹಾಪ್‌ನತ್ತ ಹರಿಯಿತು.

1980ರ ಹೊತ್ತಿಗೆ ದೊಡ್ಡ ಕಂಪನಿಗಳಿಗೆ ಈ ಗಾಯಕರು ಬೇಡವಾದರು. ಆಗ ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ, ಟಾಮಿ ಕೌಚ್ ಮತ್ತು ಅವನ ಜೊತೆಗಾರರು ನಡೆಸುತ್ತಿದ್ದ ಮಲಾಕೊ ಎಂಬ ಪುಟ್ಟ ಕಂಪನಿ ಅವರಿಗೆ ಆಸರೆಯಾಯಿತು. ಅಲ್ಲಿ ಜೀ ಜೀ ಹಿಲ್ ಹಾಡಿದ ‘ಡೌನ್ ಹೋಮ್ ಬ್ಲೂಸ್’ ಇದ್ದ ಆಲ್ಬಮ್ ಸುಮಾರು ಎರಡು ವರ್ಷ ಪಟ್ಟಿಯಿಂದ ಇಳಿಯಲಿಲ್ಲ. ಹದಿಹರೆಯದವರ ಹಿಂದೆ ಇಡೀ ಉದ್ಯಮ ಓಡುತ್ತಿದ್ದಾಗ ದಕ್ಷಿಣದ ನಡುವಯಸ್ಸಿನ ಕಪ್ಪು ಜನ ತಮ್ಮ ಹಾಡಿಗೆ ಕಾಯುತ್ತಿದ್ದರು ಎಂಬುದು ಅದರಿಂದ ಖಚಿತವಾಯಿತು. ಲಿಟಲ್ ಮಿಲ್ಟನ್, ಜಾನಿ ಟೇಲರ್, ಲ್ಯಾಟಿಮೋರ್, ಡೆನಿಸ್ ಲಸಾಲ್ ಎಲ್ಲರೂ ಅಲ್ಲಿಗೆ ಬಂದರು, 1985ರಲ್ಲಿ ಬ್ಲ್ಯಾಂಡ್ ಕೂಡ. ಈ ಹಾಡುಗಳ ಲೋಕ ಚಿಕ್ಕದು: ಮದುವೆ, ಕಳ್ಳಸಂಬಂಧ, ಸಂಬಳದ ದಿನ, ಮುರಿದ ಮನೆ. ಅದೇ ಅದೇ ವಸ್ತು, ಹೆಂಗಸರನ್ನು ದೂರುವ ಗಂಡಸರು ಎಂಬ ಟೀಕೆ ಇದೆ, ಪೂರ್ತಿ ಸುಳ್ಳೂ ಅಲ್ಲ. ಆದರೆ ಟೀಕಿಸುವವರು ಲಸಾಲ್‌ಳನ್ನು ಕೇಳಿದಂತಿಲ್ಲ. ತನ್ನ ಹಾಡುಗಳನ್ನು ತಾನೇ ಬರೆಯುತ್ತಿದ್ದ ಆಕೆ ಗಂಡಸರ ಆ ದೂರುಗಳಿಗೆಲ್ಲ ಅದೇ ಭಾಷೆಯಲ್ಲಿ, ಅದಕ್ಕಿಂತ ಹರಿತವಾಗಿ ಉತ್ತರ ಕೊಟ್ಟಳು. ಬ್ಲ್ಯಾಂಡ್‌ನಲ್ಲಿ ಒಬ್ಬನ ಗಂಟಲೊಳಗೇ ನಡೆಯುತ್ತಿದ್ದ ಜಗಳ, ಮಲಾಕೊದಲ್ಲಿ ಗಾಯಕ ಗಾಯಕಿಯರ ನಡುವಿನ ಬಹಿರಂಗ ವಾಗ್ವಾದವಾಯಿತು. ಶೈಲಿಯೊಂದು ಬೆಳೆಯುವುದು ಎಂದರೆ ಇದೇ.

ಅಲ್ಲಿನ ಬ್ಲ್ಯಾಂಡ್‌ನನ್ನು ಹೊಗಳುವಾಗ ಕೈ ಬಿಗಿಹಿಡಿಯಬೇಕಾಗುತ್ತದೆ. ಮೊದಲ ಆಲ್ಬಮಿನ ಶೀರ್ಷಿಕೆಗೀತೆ ‘ಮೆಂಬರ್ಸ್ ಓನ್ಲಿ’ ದೊಡ್ಡ ಹಾಡು: ಎದೆಯೊಡೆದವರಿಗಷ್ಟೇ ಪ್ರವೇಶವಿರುವ ಒಂದು ಕೂಟಕ್ಕೆ ಅವನು ಕರೆಯುತ್ತಾನೆ, ದನಿಯಲ್ಲಿ ಆತಿಥೇಯನ ಗಾಂಭೀರ್ಯವಿದೆ. 2003ರ ‘ಬ್ಲೂಸ್ ಅಟ್ ಮಿಡ್‌ನೈಟ್’ವರೆಗಿನ ಮುಂದಿನ ಆಲ್ಬಮ್‌ಗಳಲ್ಲಿ ಅಂಥ ಹಾಡುಗಳು ವಿರಳ. ಸಿಂಥಸೈಜರಿನ ಮೆತ್ತನೆ ಹಾಸು ಹಾರ್ನ್‌ಗಳ ಜಾಗದಲ್ಲಿ ಮಲಗಿತು. ಎದುರಾಡುವ ಸಭೆ ಇಲ್ಲವಾದಾಗ ಉಪದೇಶಕನ ಕೂಗೂ ಅರ್ಥ ಕಳೆದುಕೊಂಡಿತು. ಮೊದಲು ಹಾಡೊಂದರಲ್ಲಿ ಎಣಿಸಿದಂತೆ ಬರುತ್ತಿದ್ದ ಆ ಗರಗರ, ಕೊನೆಕೊನೆಗೆ ಸಾಲುಸಾಲಿಗೂ ಬರುವ ಚಟವಾಯಿತು. ವಯಸ್ಸನ್ನು ದೂರುವುದು ಸುಲಭ, ಆದರೆ ತಗ್ಗಿನ ದನಿ ಆಗಲೂ ಬೆಚ್ಚಗೇ ಇತ್ತು. ತಪ್ಪಿದ್ದು ಕಾಯುವ ಶಿಸ್ತು. ಬಿ.ಬಿ. ಕಿಂಗ್‌ಗೆ ಸಿಕ್ಕ ಲೋಕಖ್ಯಾತಿ ಇವನಿಗೇಕೆ ಸಿಗಲಿಲ್ಲ ಎಂಬ ಹಳೆಯ ಪ್ರಶ್ನೆಗೂ ಇಲ್ಲೇ ಉತ್ತರವಿದೆ. 1974ರಲ್ಲಿ ಇಬ್ಬರೂ ಒಟ್ಟಿಗೆ ಮಾಡಿದ ನೇರ ಮುದ್ರಿಕೆಯಲ್ಲಿ ಕಿಂಗ್ ಮಾತಾಡಿ ನಗಿಸುತ್ತಾನೆ, ಗಿಟಾರಿನಿಂದ ಭಾಷೆ ಗೊತ್ತಿಲ್ಲದವನನ್ನೂ ಮುಟ್ಟುತ್ತಾನೆ. ಬ್ಲ್ಯಾಂಡ್‌ನನ್ನು ಕೇಳಲು ಪದಗಳ ಸಂಕಟ ತಿಳಿದಿರಬೇಕು, ಚರ್ಚಿನ ಆ ಕೂಗು ಎಲ್ಲಿಂದ ಬಂತೆಂದು ಗೊತ್ತಿರಬೇಕು. ಮೆಂಫಿಸ್, ಹ್ಯೂಸ್ಟನ್, ಜಾಕ್ಸನ್‌ಗಳ ಕೇಳುಗರಿಗೆ ಅದನ್ನು ಯಾರೂ ವಿವರಿಸಬೇಕಿರಲಿಲ್ಲ. 2013ರಲ್ಲಿ ಅವನು ತೀರಿಕೊಳ್ಳುವವರೆಗೂ ಅವನನ್ನು ಉಳಿಸಿಕೊಂಡವರು ಅವರೇ.