ಎಣ್ಣೆ ಹಚ್ಚುವ ಕೈಗೂ ಆರೈಕೆ ಬೇಕು

ರಂಜಾನ್, ದೀಪಾವಳಿ, ಕ್ರಿಸ್‌ಮಸ್ ಹತ್ತಿರವಾದಾಗ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಗಡಿ ಸುತ್ತಿ ದಣಿದವರಲ್ಲಿ ಕೆಲವರು ಆಸುಪಾಸಿನ ಸ್ಪಾ, ಪಾರ್ಲರುಗಳ ಮೆಟ್ಟಿಲು ಹತ್ತುತ್ತಾರೆ. ಅಲ್ಲಿ ಅವರ ಬೆನ್ನು, ಪಾದ ಒತ್ತುವವರಲ್ಲಿ ಎಷ್ಟೋ ಜನ ಈಶಾನ್ಯ ರಾಜ್ಯಗಳಿಂದಲೋ ಕೇರಳದಿಂದಲೋ ಊರು ಬಿಟ್ಟು ಬಂದ ಎಳೆಯರು. ಈ ಕೆಲಸಕ್ಕೆ ಬರುವ ಹೊಸಬರಿಗೆ ಈಗ ಸಾಮಾನ್ಯವಾಗಿ ಹೇಳುವ ಮಾತುಗಳಿವು: ಮನಸ್ಸಿಟ್ಟು ಮಾಡು, ಉಸಿರು ಗಮನಿಸು, ನಿನ್ನ ಮೈಯನ್ನು ನೀನೇ ನೋಡಿಕೊ. ಈ ಪಾಠದ ಅರ್ಧ ಭಾಗ ಬಹಳ ಒಳ್ಳೆಯದು. ಉಳಿದರ್ಧ ಕಲಿಯಬೇಕಾದವರು ಮಾಲೀಕರು.

ಒಳ್ಳೆಯದನ್ನು ಮೊದಲು ನೋಡೋಣ. ಹೊಸಬರು ಬಲವನ್ನೆಲ್ಲ ಹೆಬ್ಬೆರಳಿಗೆ ಹಾಕುತ್ತಾರೆ. ಹೆಬ್ಬೆರಳಿನ ಬುಡದ ಕೀಲು ಹಲವು ದಿಕ್ಕಿಗೆ ಸಲೀಸಾಗಿ ಚಲಿಸುವಂಥದ್ದು. ದಿನವಿಡೀ ಭಾರ ಹೊರುವುದು ಅದರ ಕೆಲಸವಲ್ಲ. ಕೆನಡಾದ ಮಸಾಜ್ ಥೆರಪಿಸ್ಟ್‌ಗಳ ಬಗ್ಗೆ 2008ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಹೆಚ್ಚಾಗಿ ಕಂಡುಬಂದದ್ದು ಮಣಿಕಟ್ಟು, ಹೆಬ್ಬೆರಳು, ಸೊಂಟ, ಕುತ್ತಿಗೆ ಮತ್ತು ಭುಜದ ನೋವು. ಉಸಿರಿನ ಪಾಠಕ್ಕೆ ಬೆಲೆ ಬರುವುದು ಇಲ್ಲಿಯೇ. ಉಸಿರು ಬಿಗಿಹಿಡಿದವರ ಭುಜ ಮೇಲೇರುತ್ತದೆ, ಬಲವೆಲ್ಲ ಬೆರಳಿಗಿಳಿಯುತ್ತದೆ. ಒಂದು ಕಾಲು ಮುಂದಿಟ್ಟು, ಉಸಿರು ಬಿಡುತ್ತ ಬಾಗಿದವರ ಮೈಭಾರ ಅಂಗೈ, ಮುಂಗೈಗಳ ಮೂಲಕ ತಾನಾಗಿ ಇಳಿಯುತ್ತದೆ. ಗಿರಾಕಿಗೂ ಹಿತ, ಒತ್ತುವವರಿಗೂ ಹಿತ. ಇಂಥ ಎಚ್ಚರವನ್ನು ಧ್ಯಾನವೆಂದು ಕರೆದರೂ ಸರಿ, ಕರೆಯದಿದ್ದರೂ ಸರಿ. ಅದು ಕೈ ಉಳಿಸುವ ವಿದ್ಯೆ.

ಆದರೆ ಆ ವಿದ್ಯೆಗೆ ಎದುರಿನ ಟೇಬಲ್ ಸಹಕರಿಸಬೇಕು. ಕೈ ಇಳಿಬಿಟ್ಟು ನಿಂತಾಗ ಗೆಣ್ಣುಗಳು ಟೇಬಲ್ಲಿಗೆ ತಾಕುವಷ್ಟು ಎತ್ತರವಿರಲಿ ಎಂದು ಕಲಿಸುತ್ತಾರೆ. ಎತ್ತರ ಬದಲಿಸಲಾಗದ ಮಂಚದ ಮುಂದೆ ಕುಳ್ಳಗಿನ ಹುಡುಗಿಯೂ ಎತ್ತರದ ಹುಡುಗನೂ ಸರದಿಯಲ್ಲಿ ದುಡಿಯುವಾಗ ಯಾವ ಉಸಿರಾಟವೂ ಸೊಂಟವನ್ನು ಕಾಯುವುದಿಲ್ಲ. ಒಬ್ಬ ಗಿರಾಕಿ ಎದ್ದ ತಕ್ಷಣ ಇನ್ನೊಬ್ಬರ ಹೆಸರು ಬರೆದಿಟ್ಟರೆ, ನಡುವಿನ ಬಿಡುವು ಹಾಸು ಬದಲಿಸುವುದರಲ್ಲೇ ಮುಗಿಯುತ್ತದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961, ಐದು ಗಂಟೆ ದುಡಿದ ಮೇಲೆ ಕನಿಷ್ಠ ಒಂದು ಗಂಟೆ ವಿರಾಮ ಕೊಡಬೇಕೆನ್ನುತ್ತದೆ. ಈ ಕಸುಬಿಗೆ ಅದೂ ಸಾಲದು. ಪ್ರತಿ ಗಿರಾಕಿಯ ನಂತರವೂ ಕೈ ಆರಬೇಕು. ಇದನ್ನು ಹೇಳದ ಪಾಠ, ನೋವು ಬಂದಾಗ ತಪ್ಪನ್ನು ದುಡಿಯುವವರ ತಲೆಗೇ ಕಟ್ಟುತ್ತದೆ.

ಇನ್ನೊಂದು ಕೊರತೆ ಹಳೆಯದು. ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯ ದಿನಚರಿಯ ಅಧ್ಯಾಯದಲ್ಲಿ ನಿತ್ಯದ ಅಭ್ಯಂಗವನ್ನು, ಅದರಲ್ಲೂ ತಲೆ, ಕಿವಿ, ಪಾದಗಳಿಗೆ ಎಣ್ಣೆ ಹಚ್ಚುವುದನ್ನು ಹೇಳುತ್ತದೆ. ಅಲ್ಲಿನ ಕಾಳಜಿಯೆಲ್ಲ ಎಣ್ಣೆ ಹಚ್ಚಿಸಿಕೊಳ್ಳುವ ಮೈಯ ಕುರಿತು. ನಮ್ಮ ಗರಡಿಮನೆಗಳ ರೂಢಿ ಬೇರೆ. ಕಿರಿಯರು ಹಿರಿಯರಿಗೆ ಮಾಲೀಶು ಮಾಡುವುದು ಹೆಚ್ಚೇ ಇರಬಹುದು, ಆದರೂ ಅಲ್ಲಿ ಪೈಲ್ವಾನರು ಒಬ್ಬರಿಗೊಬ್ಬರು ಎಣ್ಣೆ ತಿಕ್ಕುತ್ತಾರೆ. ತಿಕ್ಕುವವನ ತೋಳು ಸಾಮು ಮಾಡಿ ಬಲಿತದ್ದು, ತಿಕ್ಕಿಸಿಕೊಂಡು ಹಗುರಾಗುವುದನ್ನೂ ಬಲ್ಲದ್ದು. ಸ್ಪಾದ ಹುಡುಗಿ ತರಬೇತಿಯಲ್ಲಿ ಜೊತೆಯವಳಿಂದ ಮಸಾಜ್ ಪಡೆಯುತ್ತಾಳೆ. ಕೆಲಸಕ್ಕೆ ಸೇರಿದ ಮೇಲೆ ಅವಳ ಭುಜ ಮುಟ್ಟಿ ನೋಡುವವರಿಲ್ಲ. ವಾರಕ್ಕೊಮ್ಮೆ ಸಹೋದ್ಯೋಗಿಗಳು ಪರಸ್ಪರ ಮಸಾಜ್ ಮಾಡಿಕೊಳ್ಳಲು ಸಂಬಳದ ಸಮಯದಲ್ಲೇ ಒಂದು ಗಂಟೆ ಬಿಟ್ಟುಕೊಟ್ಟರೆ ಆರೈಕೆಯೂ ಆಯಿತು, ಕಲಿಕೆಯೂ ಆಯಿತು.

ನನ್ನ ಗಟ್ಟಿ ಆಕ್ಷೇಪವಿರುವುದು ಮನಸ್ಸಿನ ಪಾಠದ ಬಗ್ಗೆ. ಗಿರಾಕಿ ಹದ್ದು ಮೀರಿದಾಗ 'ಮನಸ್ಸಿಗೆ ಹಚ್ಚಿಕೊಳ್ಳಬೇಡ' ಎನ್ನುವುದು ಆರೈಕೆಯಲ್ಲ, ಬಾಯಿ ಮುಚ್ಚಿಸುವುದು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ, ಕೆಲಸದ ಜಾಗಕ್ಕೆ ಬರುವ ಹೊರಗಿನವರಿಂದಲೂ ಹೆಣ್ಣುಮಕ್ಕಳಿಗೆ ರಕ್ಷಣೆ ಒದಗಿಸುವುದು ಮಾಲೀಕರ ಹೊಣೆ. ಕೈ ತೆಗೆದು, ಟವೆಲ್ ಹೊದಿಸಿ, ಕೋಣೆಯಿಂದ ಹೊರಗೆ ಬರುವುದನ್ನು ಮೊದಲ ವಾರದಲ್ಲೇ ಅಭ್ಯಾಸ ಮಾಡಿಸಬೇಕು. ಹಾಗೆ ಬಂದವಳ ಆ ದಿನದ ಕಮಿಷನ್ ಕತ್ತರಿಸುವುದಿಲ್ಲವೆಂದು ಬರೆದುಕೊಡಬೇಕು.

ಆದ್ದರಿಂದ ಹೊಸದಾಗಿ ಈ ಕಸುಬಿಗೆ ಬರುವವರಿಗೆ ನನ್ನ ಸಲಹೆ ಇಷ್ಟು. ಉಸಿರಿನ ಪಾಠವನ್ನು ಶ್ರದ್ಧೆಯಿಂದ ಕಲಿಯಿರಿ, ಅದು ನಿಮ್ಮದೇ ಆಸ್ತಿ. ಕೆಲಸ ಒಪ್ಪಿಕೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳಿ: ಟೇಬಲ್ಲಿನ ಎತ್ತರ ಬದಲಿಸಬಹುದೇ, ಇಬ್ಬರು ಗಿರಾಕಿಗಳ ನಡುವೆ ಎಷ್ಟು ಬಿಡುವು, ಬೇಡವೆನ್ನಿಸಿದಾಗ ನಿಲ್ಲಿಸಿದರೆ ನನ್ನ ಪರ ಯಾರು ಮಾತಾಡುತ್ತಾರೆ? ಉತ್ತರ ಕೊಡಲು ಹಿಂಜರಿಯುವ ಜಾಗದಲ್ಲಿ ನಿಮ್ಮ ಕೈ ಹೆಚ್ಚು ವರ್ಷ ಬಾಳುವುದಿಲ್ಲ.